ಗಟ್ಟಿಮುಟ್ಟಾದ ಗಿಡಕ್ಕೆ ಹುಳ ಬರೋದೇ ಇಲ್ಲವೇ? ವಿಲ್ಲೋ ಗಿಡದ ಗಂಟು ಹೇಳುವ ಕತೆಯೇ ಬೇರೆ

“ಆರೋಗ್ಯವಂತ ಗಿಡಕ್ಕೆ ಕೀಟ ಬರುವುದೇ ಇಲ್ಲ. ಹುಳ ಬಿದ್ದಿದೆ ಅಂದರೆ ಗಿಡಕ್ಕೆ ಶಕ್ತಿ ಇಲ್ಲ ಅಂತಲೇ ಅರ್ಥ.”

ಕೈತೋಟದ ಗ್ರೂಪುಗಳಲ್ಲಿ, ರೈತರ ಗ್ರೂಪುಗಳಲ್ಲಿ ಈ ಮಾತು ಒಂದಲ್ಲ ಒಂದು ರೂಪದಲ್ಲಿ ಸುತ್ತುತ್ತಲೇ ಇರುತ್ತದೆ. ಕೆಲವೊಮ್ಮೆ ಅದರ ಕೆಳಗೆ ಯಾವುದೋ ಟಾನಿಕ್ ಬಾಟಲಿಯ ಚಿತ್ರ, ಇನ್ನು ಕೆಲವೊಮ್ಮೆ ‘ಇನ್ನೊಂದು ಡೋಸ್ ಗೊಬ್ಬರ ಕೊಡಿ, ಹುಳ ತಾನಾಗೇ ಹೋಗುತ್ತೆ’ ಎಂಬ ಸಲಹೆ.

ಕೇಳಿದರೆ ನಿಜ ಅನ್ನಿಸುತ್ತದೆ. ಮನುಷ್ಯರಲ್ಲಿ ನಿಶ್ಶಕ್ತಿ ಇದ್ದವರಿಗೆ ಕಾಯಿಲೆ ಬೇಗ ಬರುತ್ತದಲ್ಲ, ಗಿಡಕ್ಕೂ ಹಾಗೇ ಇರಬೇಕು ಎಂದು ನಾವು ತಲೆಯಾಡಿಸಿಬಿಡುತ್ತೇವೆ. ಆದರೆ ಈ ಮಾತನ್ನು ಹಾಗೇ ನಂಬಿದರೆ ಎರಡು ನಷ್ಟ. ಒಂದು, ಬೇಡದ ಟಾನಿಕ್ಕಿಗೆ, ಬೇಡದ ಗೊಬ್ಬರಕ್ಕೆ ಹಣ ಸುರಿಯುತ್ತೇವೆ. ಎರಡು, ಬೆಳೆಗೆ ಹುಳ ಬಿದ್ದು ಮೊದಲೇ ಕಂಗೆಟ್ಟಿರುವ ರೈತನಿಗೆ ‘ನಿನ್ನ ಆರೈಕೆಯೇ ಸರಿ ಇಲ್ಲ’ ಎಂಬ ಬೈಗುಳವೂ ಸೇರಿಕೊಳ್ಳುತ್ತದೆ.

ಹಾಗಾದರೆ ಈ ಮಾತು ಎಷ್ಟು ನಿಜ? ಉತ್ತರಕ್ಕಾಗಿ ಈ ಸಲ ನಾವು ದೂರದ ಅಮೆರಿಕದ ಒಂದು ಹಳ್ಳದ ದಂಡೆಗೆ ಹೋಗಿಬರೋಣ. ಅಲ್ಲಿ ಅಕ್ಕಿಕಾಳಿನಷ್ಟು ಉದ್ದದ ಒಂದು ಕೀಟವಿದೆ. ವಿಜ್ಞಾನಿಗಳು ಅದರ ಹಿಂದೆ ವರ್ಷಗಟ್ಟಲೆ ಬಿದ್ದು, ಅದು ಯಾವ ಚಿಗುರನ್ನು ಆರಿಸುತ್ತದೆ, ಯಾಕೆ ಆರಿಸುತ್ತದೆ ಎಂದು ಲೆಕ್ಕ ಹಾಕಿದ್ದಾರೆ.

ಮೊದಲು ಚುಟುಕಾಗಿ ಉತ್ತರ

- ಕೀಟಗಳು ಸೊರಗಿದ ಗಿಡಕ್ಕೆ ಮಾತ್ರ ಬರುತ್ತವೆ ಎಂಬುದು ತಪ್ಪು. ಎಷ್ಟೋ ಕೀಟಗಳು ಹುಡುಕಿಕೊಂಡು ಹೋಗುವುದೇ ಅತ್ಯಂತ ಹುಲುಸಾಗಿ ಬೆಳೆಯುತ್ತಿರುವ ಚಿಗುರನ್ನು.
- ಸೊರಗಿದ ಮರಕ್ಕೆ ಬೀಳುವ ಕೀಟಗಳೂ ಇವೆ. ಹಾಗಾಗಿ ಮಾತು ಪೂರ್ತಿ ಸುಳ್ಳಲ್ಲ, ಅರ್ಧ ಸತ್ಯ.
- ಯಾವ ಕೀಟ, ಗಿಡದ ಯಾವ ಭಾಗವನ್ನು ಹೇಗೆ ತಿನ್ನುತ್ತದೆ ಎಂಬುದರ ಮೇಲೆ ಉತ್ತರ ನಿಂತಿದೆ.

ಈಗ ವಿವರಕ್ಕೆ ಬರೋಣ.

ನೊಣ ಅಲ್ಲದ ನೊಣ

ಈ ಕೀಟದ ವೈಜ್ಞಾನಿಕ ಹೆಸರು ಯೂರಾ ಲ್ಯಾಸಿಯೊಲೆಪಿಸ್. ಇಂಗ್ಲಿಷಿನಲ್ಲಿ ಇಂಥವನ್ನು ಸಾಫ್ಲೈ ಎನ್ನುತ್ತಾರೆ. ನಾವು ಇಲ್ಲಿ ಗರಗಸ ನೊಣ ಎಂದು ಕರೆಯೋಣ. ಹೆಸರಲ್ಲಿ ನೊಣ ಇದ್ದರೂ ಇದು ನೊಣದ ಜಾತಿಯದ್ದಲ್ಲ. ಜೇನ್ನೊಣ, ಇರುವೆ, ಕಣಜಗಳ ಬಳಗಕ್ಕೆ ಸೇರಿದ್ದು. ಕಣಜಕ್ಕಿರುವಂಥ ಸಣ್ಣ ಸೊಂಟ ಇದಕ್ಕಿಲ್ಲ, ಕುಟುಕುವುದೂ ಇಲ್ಲ. ಹೆಣ್ಣಿನ ಹೊಟ್ಟೆಯ ತುದಿಯಲ್ಲಿ ಮೊಟ್ಟೆ ಇಡುವ ಅಂಗವೊಂದಿದ್ದು, ಅದರ ಅಂಚು ಗರಗಸದಂತೆ ಹಲ್ಲು ಹಲ್ಲಾಗಿರುತ್ತದೆ. ಹೆಸರು ಬಂದದ್ದು ಅದರಿಂದ.

ಇದರ ಬಳಗದವರು ನಮ್ಮಲ್ಲೂ ಇದ್ದಾರೆ. ಸಾಸಿವೆ, ಮೂಲಂಗಿ ಎಲೆಗಳನ್ನು ತಿಂದು ತೂತು ಮಾಡುವ ಕಪ್ಪು ಬಣ್ಣದ ಮರಿಹುಳವನ್ನು ತರಕಾರಿ ಬೆಳೆಯುವವರು ನೋಡಿರಬಹುದು. ಅದೂ ಒಂದು ಗರಗಸ ನೊಣದ ಮರಿಯೇ. ಆದರೆ ಅದು ಎಲೆ ತಿನ್ನುತ್ತದೆ, ನಮ್ಮ ಕಥಾನಾಯಕಿ ಗಂಟು ಕಟ್ಟಿಸುತ್ತಾಳೆ.

ಈಕೆಯ ಊರು ಅಮೆರಿಕದ ಪಶ್ಚಿಮ ಭಾಗ. ಹೆಚ್ಚು ಅಧ್ಯಯನ ನಡೆದಿರುವುದು ಅರಿಜೋನಾ ರಾಜ್ಯದ ಫ್ಲ್ಯಾಗ್‌ಸ್ಟಾಫ್ ಪಟ್ಟಣದ ಸುತ್ತಮುತ್ತ. ಅರಿಜೋನಾ ಎಂದರೆ ನಮಗೆ ಮರಳುಗಾಡು ನೆನಪಾಗುತ್ತದೆ. ಆದರೆ ಫ್ಲ್ಯಾಗ್‌ಸ್ಟಾಫ್ ಇರುವುದು ಸಮುದ್ರಮಟ್ಟದಿಂದ ಸುಮಾರು 2,100 ಮೀಟರ್ ಎತ್ತರದಲ್ಲಿ. ನಮ್ಮ ಮುಳ್ಳಯ್ಯನಗಿರಿಗಿಂತಲೂ ಎತ್ತರ. ಸುತ್ತ ಪೈನ್ ಕಾಡು, ಚಳಿಗಾಲದಲ್ಲಿ ಹಿಮ, ಅಲ್ಲಲ್ಲಿ ಹಳ್ಳ, ಒರತೆ.

ಈ ಹಳ್ಳಗಳ ದಂಡೆಯಲ್ಲಿ ಅರೋಯೊ ವಿಲ್ಲೋ ಎಂಬ ಗಿಡ ಪೊದೆಪೊದೆಯಾಗಿ ಬೆಳೆಯುತ್ತದೆ. ಅರೋಯೊ ಎಂದರೆ ಸ್ಪ್ಯಾನಿಷ್ ಭಾಷೆಯಲ್ಲಿ ಹಳ್ಳ ಎಂದೇ ಅರ್ಥ. ವಿಲ್ಲೋ ಎಂಬ ಹೆಸರು ನಿಮಗೆ ಹೊಸದೇನಲ್ಲ. ಕಾಶ್ಮೀರದ ಕ್ರಿಕೆಟ್ ಬ್ಯಾಟುಗಳನ್ನು ಮಾಡುವುದು ಇದೇ ಕುಲದ ಇನ್ನೊಂದು ಮರದಿಂದ. ನಮ್ಮ ಗರಗಸ ನೊಣಕ್ಕೆ ಮಾತ್ರ ಬ್ಯಾಟಿನ ಮರ ಬೇಡ, ಹಳ್ಳದ ದಂಡೆಯ ಈ ಪೊದೆಯೇ ಬೇಕು.

ಗಂಟು ಹುಟ್ಟುವುದು ಹೇಗೆ?

ಚಳಿಗಾಲ ಮುಗಿದು ವಿಲ್ಲೋ ಚಿಗುರುವ ಹೊತ್ತಿಗೆ ಗರಗಸ ನೊಣಗಳು ಹೊರಬರುತ್ತವೆ. ರೆಕ್ಕೆ ಬಂದ ಮೇಲೆ ಅವುಗಳ ಆಯುಸ್ಸು ಬಹಳ ಕಡಿಮೆ. ಆ ಸ್ವಲ್ಪ ಸಮಯದಲ್ಲೇ ಹೆಣ್ಣು ಸರಿಯಾದ ಚಿಗುರನ್ನು ಹುಡುಕಿ, ಗರಗಸದಿಂದ ಎಳೆಯ ಕಡ್ಡಿಯನ್ನು ಸೀಳಿ, ಒಳಗೆ ಮೊಟ್ಟೆ ಇಡಬೇಕು.

ಮೊಟ್ಟೆಯ ಜೊತೆಗೇ ಆಕೆ ಒಂದಿಷ್ಟು ದ್ರವವನ್ನೂ ಒಳಗೆ ಬಿಡುತ್ತಾಳೆ. ಗಂಟಿಗೆ ಮೂಲ ಈ ದ್ರವ. ಅದು ತಾಗಿದ ಜಾಗದಲ್ಲಿ ಗಿಡದ ಜೀವಕೋಶಗಳು ಸಾಮಾನ್ಯಕ್ಕಿಂತ ವೇಗವಾಗಿ ಹೆಚ್ಚಾಗತೊಡಗುತ್ತವೆ, ಕಡ್ಡಿ ಉಬ್ಬುತ್ತದೆ. ಮೊಟ್ಟೆ ಒಡೆದು ಮರಿಹುಳ ಹೊರಬರುವ ಮೊದಲೇ ಗಂಟಿನ ಕೆಲಸ ಶುರುವಾಗಿರುತ್ತದೆ. ಬೇರೆ ಹಲವು ಗಂಟುಕೀಟಗಳಲ್ಲಿ ಮರಿ ತಿನ್ನಲು ತೊಡಗಿದ ಮೇಲಷ್ಟೇ ಗಂಟು ಬೆಳೆಯುತ್ತದೆ. ಇಲ್ಲಿ ಹಾಗಲ್ಲ. ಹೆತ್ತವಳು ಮನೆ, ಅಡುಗೆ ಎರಡನ್ನೂ ಸಿದ್ಧಮಾಡಿಟ್ಟೇ ಹೊರಡುತ್ತಾಳೆ.

ಆಮೇಲೆ ಮರಿಹುಳ ಬೇಸಿಗೆಯಿಡೀ ಗಂಟಿನೊಳಗೇ ಕೂತು ಅದರ ಮೆತ್ತನೆಯ ಒಳಭಾಗವನ್ನು ತಿನ್ನುತ್ತದೆ. ಚಳಿಗಾಲ ಹತ್ತಿರವಾದಾಗ ರೇಷ್ಮೆಹುಳದಂತೆ ತನ್ನ ಸುತ್ತ ಗೂಡು ನೇಯ್ದುಕೊಂಡು ಅಲ್ಲೇ ಮಲಗುತ್ತದೆ. ಮುಂದಿನ ವಸಂತದಲ್ಲಿ ಗೂಡಿನೊಳಗೇ ರೂಪ ಬದಲಿಸಿ, ರೆಕ್ಕೆ ಪಡೆದು ಹೊರಬರುತ್ತದೆ. ವರ್ಷಕ್ಕೆ ಒಂದೇ ಪೀಳಿಗೆ. ವರ್ಷದ ಬಹುಪಾಲು ಅದರ ಬದುಕು ಆ ಒಂದು ಗಂಟಿನೊಳಗೇ ಕಳೆಯುತ್ತದೆ.

ಇಲ್ಲೊಂದು ಸೂಕ್ಷ್ಮ ಗಮನಿಸಿ. ಮರಿಗೆ ಮನೆ ಬದಲಾಯಿಸುವ ಅವಕಾಶವೇ ಇಲ್ಲ. ಅಮ್ಮ ಯಾವ ಚಿಗುರಿನಲ್ಲಿ ಮೊಟ್ಟೆ ಇಟ್ಟಳೋ ಅಲ್ಲೇ ಬದುಕಬೇಕು, ಇಲ್ಲವೇ ಅಲ್ಲೇ ಸಾಯಬೇಕು. ಹಾಗಾಗಿ ಚಿಗುರಿನ ಆಯ್ಕೆ ಈ ಕೀಟಕ್ಕೆ ಜೀವನ್ಮರಣದ ಪ್ರಶ್ನೆ.

ಆಕೆ ಆರಿಸಿದ್ದು ಯಾವ ಚಿಗುರನ್ನು?

ನಾರ್ದರ್ನ್ ಅರಿಜೋನಾ ವಿಶ್ವವಿದ್ಯಾಲಯದ ಪೀಟರ್ ಪ್ರೈಸ್ ಮತ್ತು ಸಂಗಡಿಗರು 1980ರ ದಶಕದಲ್ಲಿ ಈ ಪ್ರಶ್ನೆಯ ಬೆನ್ನುಹತ್ತಿದರು. ಪೊದೆಯಿಂದ ಪೊದೆಗೆ ಹೋಗಿ ಚಿಗುರುಗಳ ಉದ್ದ ಅಳೆದರು, ಗಂಟುಗಳನ್ನು ಎಣಿಸಿದರು, ಗಂಟು ಸೀಳಿ ಒಳಗಿನ ಮರಿ ಬದುಕಿದೆಯೋ ಸತ್ತಿದೆಯೋ, ಸತ್ತಿದ್ದರೆ ಯಾಕೆ ಎಂದು ನೋಡಿದರು. ವರ್ಷ ವರ್ಷವೂ ಇದೇ ಕೆಲಸ.

ನಮ್ಮ ಫಾರ್ವರ್ಡ್ ನಿಜವಾಗಿದ್ದರೆ ಗಂಟುಗಳು ಮುದುಕಾದ, ಸೊರಗಿದ, ಚಿಗುರು ಗಿಡ್ಡವಾದ ಪೊದೆಗಳಲ್ಲಿ ತುಂಬಿರಬೇಕಿತ್ತು. ಅವರಿಗೆ ಕಂಡದ್ದು ಪೂರ್ತಿ ಉಲ್ಟಾ. ಹರೆಯದ, ಚೆನ್ನಾಗಿ ನೀರು ಸಿಕ್ಕ ಪೊದೆಗಳಲ್ಲೇ ಗಂಟು ಜಾಸ್ತಿ. ಒಂದೇ ಪೊದೆಯೊಳಗೂ ಅಷ್ಟೇ: ಗಿಡ್ಡ ಚಿಗುರುಗಳನ್ನು ಹೆಣ್ಣು ಬಿಟ್ಟುಬಿಡುತ್ತಿತ್ತು, ಉದ್ದಕ್ಕೆ ಸರಸರ ಬೆಳೆಯುತ್ತಿದ್ದ ಚಿಗುರುಗಳಿಗೆ ಮೊಟ್ಟೆ ಇಡುತ್ತಿತ್ತು.

1989ರಲ್ಲಿ ಟಿಮೊತಿ ಕ್ರೇಗ್, ಜೋಆನ್ ಇಟಾಮಿ ಮತ್ತು ಪ್ರೈಸ್ ಪ್ರಕಟಿಸಿದ ಅಧ್ಯಯನ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಅಮ್ಮ ಇಷ್ಟಪಡುವ ಚಿಗುರಿನಲ್ಲೇ ಮರಿಗಳೂ ಹೆಚ್ಚು ಬದುಕುತ್ತವೆ ಎಂದು ಅದು ತೋರಿಸಿತು. ಅಂದರೆ ಇದು ಕುರುಡು ಆಯ್ಕೆಯಲ್ಲ. ಹುಲುಸಾದ ಚಿಗುರು ಹುಡುಕುವ ಹೆಣ್ಣಿನ ಸಂತತಿ ಉಳಿಯುತ್ತಾ ಬಂದಿದೆ, ಸಿಕ್ಕಿದ್ದರಲ್ಲಿ ಮೊಟ್ಟೆ ಇಟ್ಟವಳ ಸಂತತಿ ಕಡಿಮೆಯಾಗಿದೆ.

1991ರಲ್ಲಿ ಪ್ರೈಸ್ ಇದನ್ನೆಲ್ಲ ಸೇರಿಸಿ ಒಂದು ವಾದ ಮಂಡಿಸಿದರು. ಬಹಳಷ್ಟು ಕೀಟಗಳು ಗಿಡದ ಅತ್ಯಂತ ಚುರುಕಾಗಿ ಬೆಳೆಯುವ ಭಾಗಗಳನ್ನೇ ಆರಿಸುತ್ತವೆ ಎಂಬುದು ಅದರ ತಿರುಳು. ಇದನ್ನು ‘ಗಿಡದ ಹುಲುಸಿನ ವಾದ’ ಎನ್ನಬಹುದು.

ಹುಲುಸಾದ ಚಿಗುರಲ್ಲಿ ಅಂಥದ್ದೇನಿದೆ?

ಮೊದಲ ಕಾರಣ ಸುಲಭ. ಗಂಟು ಎಂದರೆ ಗಿಡ ತಾನೇ ಕಟ್ಟಿಕೊಡುವ ಮನೆ. ಬೆಳೆಯುವ ತಾಕತ್ತಿರುವ ಚಿಗುರಿನಲ್ಲಿ ಮಾತ್ರ ಅದು ದೊಡ್ಡದಾಗಿ ಬೆಳೆಯಬಲ್ಲದು. ಬೆಳವಣಿಗೆಯೇ ನಿಂತುಹೋದ ಕಡ್ಡಿಗೆ ಎಷ್ಟು ದ್ರವ ಬಿಟ್ಟರೂ ಏನು ಪ್ರಯೋಜನ?

ಎರಡನೆಯ ಕಾರಣ ಇನ್ನೂ ಸ್ವಾರಸ್ಯಕರ. ವಿಲ್ಲೋ ತನ್ನ ಗಿಡ್ಡ, ನಿಸ್ಸಾರ ಕಡ್ಡಿಗಳನ್ನು ತಾನೇ ಕಳಚಿ ಬೀಳಿಸುತ್ತದೆ. ಹಾಗೆ ಬಿದ್ದ ಕಡ್ಡಿಯಲ್ಲಿ ಗಂಟಿದ್ದರೆ ಒಳಗಿನ ಮರಿಯ ಕತೆ ಮುಗಿದಂತೆ. ಉದ್ದ ಚಿಗುರುಗಳು ಬೀಳುವ ಸಾಧ್ಯತೆ ಕಡಿಮೆ. ಬೀಳುವ ಮನೆಯಲ್ಲಿ ಮಕ್ಕಳನ್ನು ಯಾರು ಬಿಡುತ್ತಾರೆ?

ಮೂರನೆಯದು ಶತ್ರುಗಳಿಂದ ರಕ್ಷಣೆ. ಟೆರೊಮ್ಯಾಲಸ್ ಎಂಬ ಪುಟ್ಟ ಕಣಜವೊಂದು ಈ ಗಂಟುಗಳನ್ನು ಹುಡುಕಿಕೊಂಡು ಬರುತ್ತದೆ. ಸೂಜಿಯಂಥ ಅಂಗವನ್ನು ಗಂಟಿನೊಳಗೆ ಚುಚ್ಚಿ, ಒಳಗಿರುವ ಮರಿಹುಳದ ಹತ್ತಿರ ತನ್ನ ಮೊಟ್ಟೆ ಇಡುತ್ತದೆ. ಕಣಜದ ಮರಿ ಹುಟ್ಟಿ ಗರಗಸ ನೊಣದ ಮರಿಯನ್ನು ತಿಂದುಹಾಕುತ್ತದೆ. ಆದರೆ ಸೂಜಿಯ ಉದ್ದಕ್ಕೂ ಒಂದು ಮಿತಿ ಇದೆಯಲ್ಲ. ಗಂಟು ದಪ್ಪವಾಗಿ, ಗಟ್ಟಿಯಾಗಿ ಬೆಳೆದಿದ್ದರೆ ಸೂಜಿ ಒಳಗಿನ ಮರಿಯನ್ನು ಮುಟ್ಟುವುದೇ ಕಷ್ಟ.

ಇನ್ನೂ ಒಂದು ವಿಚಿತ್ರವಿದೆ. ವಿಲ್ಲೋ ತೊಗಟೆ, ಎಲೆಗಳಲ್ಲಿ ಕಹಿಯಾದ ರಾಸಾಯನಿಕಗಳಿರುತ್ತವೆ. ಆಸ್ಪಿರಿನ್ ಮಾತ್ರೆಯ ಕತೆ ಶುರುವಾಗುವುದೂ ಇದೇ ಬಳಗದ ಸ್ಯಾಲಿಸಿನ್ ಎಂಬ ವಸ್ತುವಿನಿಂದ. ತಿನ್ನಬರುವವರನ್ನು ದೂರ ಇಡಲು ಗಿಡ ಇವನ್ನು ಬಳಸುತ್ತದೆ. ಆದರೆ ಅರೋಯೊ ವಿಲ್ಲೋದಲ್ಲಿರುವ ಟ್ರೆಮ್ಯುಲಾಸಿನ್ ಎಂಬ ಇಂಥದ್ದೇ ವಸ್ತು ನಮ್ಮ ಗರಗಸ ನೊಣಕ್ಕೆ ಮೊಟ್ಟೆ ಇಡಲು ಸಿಕ್ಕ ಸೂಚನೆ ಎಂದು 1999ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಬೇರೆಯವರನ್ನು ಓಡಿಸಲು ಹಾಕಿದ ಬೋರ್ಡನ್ನೇ ಈಕೆ ಮನೆಯ ವಿಳಾಸ ಎಂದು ಓದಿಕೊಳ್ಳುತ್ತಾಳೆ. ಗಿಡದ ‘ರೋಗನಿರೋಧಕ ಶಕ್ತಿ’ ಹೆಚ್ಚಿಸಿದರೆ ಎಲ್ಲ ಹುಳವೂ ಓಡುತ್ತದೆ ಎನ್ನುವವರು ಇದನ್ನು ಗಮನಿಸಬೇಕು.

ಬರ ಬಂದರೆ ಕೀಟಕ್ಕೆ ಹಬ್ಬವೇ?

ಬರಗಾಲದಲ್ಲಿ ಗಿಡ ಸೊರಗುತ್ತದೆ, ಆಗ ಹುಳದ ಹಾವಳಿ ಹೆಚ್ಚುತ್ತದೆ ಎಂಬುದೂ ಅದೇ ಫಾರ್ವರ್ಡಿನ ಇನ್ನೊಂದು ಮುಖ. ಫ್ಲ್ಯಾಗ್‌ಸ್ಟಾಫ್‌ನಲ್ಲಿ ಇದನ್ನೂ ಪರೀಕ್ಷಿಸಬಹುದಾಗಿತ್ತು.

ಅಲ್ಲಿ ಮೇ, ಜೂನ್ ಒಣ ತಿಂಗಳು. ಬೇಸಿಗೆ ಮಳೆ ಶುರುವಾಗುವುದು ಜುಲೈನಲ್ಲಿ. ಅದನ್ನು ಅವರೂ ಮಾನ್ಸೂನ್ ಎಂದೇ ಕರೆಯುತ್ತಾರೆ. ಹಾಗಾಗಿ ವಸಂತದ ಚಿಗುರು ಎಷ್ಟು ಉದ್ದ ಬೆಳೆಯುತ್ತದೆ ಎಂಬುದು ಅದಕ್ಕೂ ಹಿಂದಿನ ಚಳಿಗಾಲದಲ್ಲಿ ಬಿದ್ದ ಹಿಮ, ಮಳೆಯಿಂದ ನೆಲದಲ್ಲಿ ಉಳಿದ ತೇವವನ್ನೇ ನಂಬಿಕೊಂಡಿದೆ.

ವರ್ಷಗಳ ಎಣಿಕೆ ಹೇಳಿದ್ದೇನು? ಚಳಿಗಾಲ ಚೆನ್ನಾಗಿದ್ದರೆ ಚಿಗುರು ಉದ್ದ, ಮುಂದೆ ಗರಗಸ ನೊಣಗಳ ಸಂಖ್ಯೆಯೂ ಏರಿಕೆ. ಚಳಿಗಾಲ ಒಣಗಿದ್ದರೆ ಚಿಗುರು ಗಿಡ್ಡ, ನೊಣಗಳ ಸಂಖ್ಯೆ ಇಳಿಕೆ. ಬರ ಬಂದಾಗ ಗಿಡದ ಜೊತೆ ಈ ಕೀಟವೂ ಸೊರಗುತ್ತದೆ.

ಹಾಗಾದರೆ ಗಿಡ ಸತ್ತುಹೋಗುವುದಿಲ್ಲವೇ?

ಗಟ್ಟಿ ಚಿಗುರುಗಳನ್ನೇ ಹುಡುಕಿ ಹುಡುಕಿ ಹಿಡಿದರೆ ವಿಲ್ಲೋ ಉಳಿಯುವುದು ಹೇಗೆ ಎಂದು ನಿಮಗೆ ಅನ್ನಿಸಬಹುದು. 1986ರ ಒಂದು ಅಧ್ಯಯನದಲ್ಲಿ ಇದಕ್ಕೆ ಉತ್ತರವಿದೆ. ಗಂಟು ಕಟ್ಟಿದ ಕಡ್ಡಿಯ ಬೆಳವಣಿಗೆಗೆ ಪೆಟ್ಟು ಬೀಳುತ್ತದೆ, ನಿಜ. ಆದರೆ ಅದರಿಂದಾಗಿ ಕೆಳಗಿನ ಮೊಗ್ಗುಗಳು ಎಚ್ಚೆತ್ತು ಹೊಸ ಚಿಗುರು ಹೊರಡುತ್ತದೆ. ಹಿಪ್ಪುನೇರಳೆ ಗಿಡವನ್ನು ಕತ್ತರಿಸಿದಾಗ ಬುಡದಿಂದ ಉದ್ದುದ್ದ ಕಡ್ಡಿ ಏಳುತ್ತದಲ್ಲ, ಸುಮಾರಾಗಿ ಹಾಗೇ. ಗಂಟು ಬಿದ್ದ ಪೊದೆ ಹರೆಯ ಉಳಿಸಿಕೊಂಡು ಮತ್ತೆ ಮತ್ತೆ ಚಿಗುರುತ್ತದೆ. ಆ ಚಿಗುರು ಮುಂದಿನ ಪೀಳಿಗೆಯ ಗರಗಸ ನೊಣಕ್ಕೆ ಮತ್ತೆ ಬೇಕಾಗುತ್ತದೆ.

ಇದರ ಜೊತೆಗೆ ಇನ್ನೊಂದು ಲೆಕ್ಕವೂ ಇದೆ. ಒಂದು ಪೊದೆಯಲ್ಲಿ ನಿಜವಾಗಿ ಉದ್ದವಾದ ಚಿಗುರುಗಳು ಕೆಲವೇ. ಈ ಕೀಟಕ್ಕೆ ಅವೇ ಬೇಕು. ಹಾಗಾಗಿ ಎಷ್ಟೇ ಪ್ರಯತ್ನಪಟ್ಟರೂ ಅದರ ಸಂಖ್ಯೆ ಮಿತಿ ಮೀರಿ ಏರುವುದಿಲ್ಲ, ಕಾಡಿಗೆ ಕಾಡನ್ನೇ ಬೋಳಿಸುವ ಪಿಡುಗಾಗುವುದಿಲ್ಲ. ಗಿಡದಲ್ಲಿ ಗಂಟು ಕಂಡ ಮಾತ್ರಕ್ಕೆ ಗಿಡ ಹೋಯಿತು ಎಂದು ತಿಳಿಯಬೇಕಿಲ್ಲ.

ಫಾರ್ವರ್ಡಿನಲ್ಲಿ ನಿಜ ಎಷ್ಟಿದೆ?

ಸೊರಗಿದ ಗಿಡಕ್ಕೆ ಕೀಟ ಎಂಬ ವಾದ ಯಾರೋ ಮೊಬೈಲಿನಲ್ಲಿ ಹುಟ್ಟುಹಾಕಿದ್ದಲ್ಲ. ಆಸ್ಟ್ರೇಲಿಯಾದ ವಿಜ್ಞಾನಿ ಟಿ. ಸಿ. ಆರ್. ವೈಟ್ 1969ರಲ್ಲೇ ಇದನ್ನು ಗಂಭೀರವಾಗಿ ಮುಂದಿಟ್ಟಿದ್ದರು. ನೀರಿನ ಕೊರತೆಯಾದ ಗಿಡದ ರಸದಲ್ಲಿ ಕೀಟಗಳಿಗೆ ಸುಲಭವಾಗಿ ದಕ್ಕುವ ಸಾರಜನಕ ಹೆಚ್ಚಾಗುತ್ತದೆ, ಅದರಿಂದ ಕೀಟಗಳ ಮರಿ ಹೆಚ್ಚು ಬದುಕುತ್ತವೆ ಎಂಬುದು ಅವರ ವಿವರಣೆ.

ಇದಕ್ಕೆ ಪುರಾವೆ ಬೇಕಿದ್ದರೆ ಅರಿಜೋನಾ ಬಿಟ್ಟು ಹೋಗಬೇಕಿಲ್ಲ. 2002-03ರ ಭೀಕರ ಬರದಲ್ಲಿ ಅಲ್ಲಿನ ಪೈನ್ ಮರಗಳು ಲಕ್ಷಗಟ್ಟಲೆ ಸತ್ತವು. ಬಾಯಾರಿ ನಿಂತಿದ್ದ ಮರಗಳ ತೊಗಟೆಯಡಿ ದುಂಬಿಗಳು ಕೊರೆದು ನುಗ್ಗಿದ್ದವು. ಆರೋಗ್ಯವಾದ ಪೈನ್ ಮರ ತೊಗಟೆ ಕೊರೆದ ಜಾಗದಲ್ಲಿ ಅಂಟು ಸುರಿಸಿ ದುಂಬಿಯನ್ನು ಹೊರದಬ್ಬುತ್ತದೆ. ನೀರಿಲ್ಲದ ಮರಕ್ಕೆ ಆ ಅಂಟು ಸುರಿಸುವ ಶಕ್ತಿ ಇರುವುದಿಲ್ಲ.

ನೋಡಿ, ಒಂದೇ ನಾಡು, ಅದೇ ಬರ. ತೊಗಟೆ ದುಂಬಿಗೆ ಹಬ್ಬ, ಗರಗಸ ನೊಣಕ್ಕೆ ಉಪವಾಸ.

1998ರಲ್ಲಿ ಸಂಶೋಧಕರು ಮರಗಿಡಗಳ ಮೇಲೆ ನಡೆದ ಹಲವಾರು ಪ್ರಯೋಗಗಳನ್ನು ಒಟ್ಟುಹಾಕಿ ನೋಡಿದಾಗಲೂ ಕಂಡದ್ದು ಇದೇ. ಸೊರಗಿದ ಮರದಲ್ಲಿ ಕೊರೆಯುವ ಕೀಟಗಳಿಗೆ ಅನುಕೂಲ, ಗಂಟು ಕಟ್ಟುವ ಕೀಟಗಳಿಗೆ ಮತ್ತು ಎಲೆ ತಿನ್ನುವ ಹುಳಗಳಿಗೆ ತೊಂದರೆ. 2008ರಲ್ಲಿ ಬ್ರೆಜಿಲ್‌ನ ಸಂಶೋಧಕರು ಹುಲುಸಿನ ವಾದವನ್ನು ಹೀಗೇ ಒರೆಗೆ ಹಚ್ಚಿದರು. ಹುಲುಸಾದ ಗಿಡಗಳ ಮೇಲೆ ಕೀಟಗಳು ಹೆಚ್ಚಿರುತ್ತವೆ ಎಂಬುದು ನಿಜವಾಯಿತು. ಆದರೆ ಅಲ್ಲಿ ಅವುಗಳ ಮರಿಗಳು ಯಾವಾಗಲೂ ಚೆನ್ನಾಗಿ ಬದುಕುತ್ತವೆ ಎಂಬುದು ಎಲ್ಲ ಕಡೆ ನಿಜವಾಗಲಿಲ್ಲ. ಅಂದರೆ ಪ್ರೈಸ್ ಅವರ ವಾದವನ್ನೂ ಎಲ್ಲ ಕೀಟಗಳಿಗೆ ಕಣ್ಣುಮುಚ್ಚಿ ಅನ್ವಯಿಸುವಂತಿಲ್ಲ.

ನಮ್ಮ ಹೊಲ, ನಮ್ಮ ಕುಂಡಕ್ಕೆ ಇದರಿಂದ ಏನು?

ಗಂಟು ಕಟ್ಟುವ ಆ ಗರಗಸ ನೊಣ ನಮ್ಮಲ್ಲಿಲ್ಲ. ಆದರೆ ಅದು ಕಲಿಸುವ ಪಾಠ ನಮ್ಮಲ್ಲೂ ಕಣ್ಣಿಗೆ ಬೀಳುತ್ತದೆ.

ಭತ್ತದ ಗದ್ದೆಯನ್ನೇ ತೆಗೆದುಕೊಳ್ಳಿ. ಯೂರಿಯಾ ಜಾಸ್ತಿ ಹಾಕಿದ ಗದ್ದೆ ಕಡುಹಸಿರಾಗಿ ನಳನಳಿಸುತ್ತದೆ. ನೋಡಿದವರು ‘ಎಂಥಾ ಆರೋಗ್ಯ’ ಎನ್ನುತ್ತಾರೆ. ಕಂದು ಜಿಗಿಹುಳ ಹೆಚ್ಚಾಗುವುದೂ ಇಂಥ ಗದ್ದೆಯಲ್ಲೇ. ಅದಕ್ಕೇ ಕೃಷಿ ತಜ್ಞರು ಸಾರಜನಕವನ್ನು ಒಂದೇ ಸಲ ಸುರಿಯಬೇಡಿ, ಕಂತು ಕಂತಾಗಿ ಕೊಡಿ, ಶಿಫಾರಸಿಗಿಂತ ಹೆಚ್ಚು ಬೇಡ ಎಂದು ಹೇಳುತ್ತಲೇ ಇರುತ್ತಾರೆ. ‘ಹುಳ ಬಂದಿದೆ, ಇನ್ನಷ್ಟು ಗೊಬ್ಬರ ಕೊಡಿ’ ಎಂಬ ಫಾರ್ವರ್ಡ್ ಇಲ್ಲಿ ಉರಿಯುವ ಬೆಂಕಿಗೆ ತುಪ್ಪ ಸುರಿದಂತೆ.

ಮನೆಯ ದಾಸವಾಳವನ್ನು ನೋಡಿ. ಸಸ್ಯಹೇನು ಮುತ್ತಿಕೊಳ್ಳುವುದು ಬಲಿತ ಎಲೆಗಿಂತ ಹೆಚ್ಚಾಗಿ ಎಳೆಯ ಕುಡಿಗೆ, ಮೊಗ್ಗಿಗೆ.

ಇನ್ನು ತೆಂಗಿನ ಕೆಂಪು ಮೂತಿ ಹುಳ ಬೇರೆ ಥರದ್ದು. ಅದು ಮರದ ಗಾಯದಿಂದ ಬರುವ ವಾಸನೆಗೆ ಹಾರಿಬರುತ್ತದೆ. ಅಲ್ಲಿ ಮರಕ್ಕೆ ಗಾಯವಾಗದಂತೆ ನೋಡಿಕೊಳ್ಳುವುದು, ಆದ ಗಾಯವನ್ನು ಮುಚ್ಚುವುದು ಸರಿಯಾದ ದಾರಿ.

ಹಾಗಾಗಿ ಹುಳ ಕಂಡಾಗ ಮೊದಲ ಪ್ರಶ್ನೆ ‘ಯಾವ ಟಾನಿಕ್ ಕೊಡಲಿ?’ ಎಂದಾಗಬಾರದು. ‘ಇದು ಯಾವ ಹುಳ?’ ಎಂದಾಗಬೇಕು. ಎಲೆಯ ಎರಡೂ ಬದಿ ಕಾಣುವಂತೆ ಫೋಟೊ ತೆಗೆದು ಹತ್ತಿರದ ಕೃಷಿ ವಿಜ್ಞಾನ ಕೇಂದ್ರ ಅಥವಾ ರೈತ ಸಂಪರ್ಕ ಕೇಂದ್ರಕ್ಕೆ ತೋರಿಸಿ. ಅಲ್ಲಿ ಇದಕ್ಕೆ ಹಣ ಕೇಳುವುದಿಲ್ಲ.

ಗಂಟಿನ ಬಗ್ಗೆ ಬರುವ ಇನ್ನಷ್ಟು ಪ್ರಶ್ನೆಗಳು

*ಗಿಡದ ಗಂಟು ಎಂದರೆ ಗಿಡದ ಕ್ಯಾನ್ಸರಾ?*
ಅಲ್ಲ. ಕೀಟದಿಂದಾದ ಗಂಟು ಒಂದು ಹಂತಕ್ಕೆ ಬೆಳೆದು ನಿಲ್ಲುತ್ತದೆ. ಕ್ಯಾನ್ಸರಿನಂತೆ ಒಂದು ಅಂಗದಿಂದ ಇನ್ನೊಂದು ಅಂಗಕ್ಕೆ ಹರಡುವುದಿಲ್ಲ. ಬ್ಯಾಕ್ಟೀರಿಯಾದಿಂದ ಬರುವ ‘ಕ್ರೌನ್ ಗಾಲ್’ ಎಂಬ ಬೇರೆಯದೇ ಗಂಟುರೋಗವಿದೆ. ಅದಕ್ಕೂ ಮನುಷ್ಯರ ಕ್ಯಾನ್ಸರಿಗೂ ಸಂಬಂಧವಿಲ್ಲ.

*ಮುಟ್ಟಿದರೆ ನಮಗೆ ಅಂಟುತ್ತದಾ?*
ಇಲ್ಲ. ಗಂಟು ಎಂದರೆ ಗಿಡದ್ದೇ ಜೀವಕೋಶಗಳು, ಒಳಗೆ ಒಂದು ಪುಟ್ಟ ಮರಿ. ಗರಗಸ ನೊಣದ ದ್ರವ ಕೆಲಸ ಮಾಡುವುದು ಅದರ ಗಿಡದ ಮೇಲೆ, ನಮ್ಮ ಚರ್ಮದ ಮೇಲಲ್ಲ.

*ನಮ್ಮ ಹೊಂಗೆ ಮರದ ಎಲೆಗಳ ಮೇಲೂ ಗುಳ್ಳೆಗಳಿವೆಯಲ್ಲ?*
ಹೌದು, ಅವೂ ಗಂಟುಗಳೇ. ಆದರೆ ಮಾಡಿದ್ದು ಗರಗಸ ನೊಣ ಅಲ್ಲ, ಕಣ್ಣಿಗೆ ಕಾಣದಷ್ಟು ಚಿಕ್ಕ ನುಸಿ. ಎಲೆ ನೋಡಲು ವಿಕಾರ ಅನ್ನಿಸಿದರೂ ಅಷ್ಟಕ್ಕೇ ಬಲಿತ ಹೊಂಗೆ ಮರ ಸಾಯುವುದಿಲ್ಲ.

*ಬಾಣಂತಿ ಔಷಧಿಯಲ್ಲಿ ಬಳಸುವ ಮಾಚಿಕಾಯಿ ಕಾಯಿ ತಾನೇ?*
ಹೆಸರಲ್ಲಿ ಮಾತ್ರ ಕಾಯಿ. ಅದು ಇರಾನ್, ಟರ್ಕಿ ಕಡೆಯ ಓಕ್ ಗಿಡದ ಮೇಲೆ ಒಂದು ಪುಟ್ಟ ಕಣಜ ಕಟ್ಟಿಸುವ ಗಂಟು. ಅದರ ಒಗರಿಗೆ ಕಾರಣ ಟ್ಯಾನಿನ್. ಯುರೋಪಿನಲ್ಲಿ ನೂರಾರು ವರ್ಷ ಬರವಣಿಗೆಯ ಶಾಯಿ ತಯಾರಾದದ್ದೂ ಇಂಥ ಓಕ್ ಗಂಟುಗಳಿಂದಲೇ. ಅಂಗಡಿಯಲ್ಲಿ ಕೊಂಡ ಮಾಚಿಕಾಯಿಯಲ್ಲಿ ಸಣ್ಣ ತೂತು ಕಂಡರೆ ಅದು ಕಣಜ ಹೊರಹೋದ ದಾರಿ. ಹಸುಗೂಸಿನ ನಾಲಿಗೆಗೆ ಮಾತ್ರ ವೈದ್ಯರನ್ನು ಕೇಳದೆ ಯಾವುದನ್ನೂ ಹಚ್ಚಬೇಡಿ.

*ಗಂಟು ಕಂಡ ಕೂಡಲೇ ಔಷಧಿ ಹೊಡೆಯಬೇಕಾ?*
ಗಂಟಿನೊಳಗೆ ಕೂತಿರುವ ಮರಿಗೆ ಹೊರಗಿನಿಂದ ಸಿಂಪಡಿಸಿದ್ದು ಸುಲಭವಾಗಿ ತಾಗುವುದಿಲ್ಲ. ಅದನ್ನು ಹುಡುಕಿ ಬರುವ ಕಣಜಗಳು ಮಾತ್ರ ಹೊರಗೆ ಓಡಾಡುತ್ತಿರುತ್ತವೆ, ಅವು ಸಾಯುತ್ತವೆ. ಕೈತೋಟದಲ್ಲಿ ಒಂದೆರಡು ಗಂಟಿದ್ದರೆ ಆ ಕಡ್ಡಿ ಕತ್ತರಿಸಿದರೆ ಸಾಕು. ಬೆಳೆಯಲ್ಲಿ ಹೆಚ್ಚಾಗಿ ಕಂಡರೆ ಕೀಟ ಯಾವುದೆಂದು ತಿಳಿದ ಮೇಲೆ ಮುಂದಿನ ಮಾತು.

ಕೊನೆಯದಾಗಿ

‘ಹುಲುಸು’ ಮತ್ತು ‘ಆರೋಗ್ಯ’ ಎರಡನ್ನೂ ಒಂದೇ ಎಂದು ತಿಳಿದದ್ದರಿಂದ ಈ ಗೊಂದಲ ಹುಟ್ಟಿದೆ. ಗಿಡಕ್ಕೆ ಒಳ್ಳೆಯ ಮಣ್ಣು, ಬೇಕಾದಷ್ಟು ನೀರು, ಹದವಾದ ಗೊಬ್ಬರ ಖಂಡಿತ ಬೇಕು. ಚೆನ್ನಾಗಿರುವ ಗಿಡ ಕೀಟ ತಿಂದ ಮೇಲೂ ಮತ್ತೆ ಚಿಗುರಿ ಚೇತರಿಸಿಕೊಳ್ಳಬಲ್ಲದು, ಅರೋಯೊ ವಿಲ್ಲೋ ಮಾಡುವ ಹಾಗೆ. ಆದರೆ ಕೀಟ ಅದರ ಹತ್ತಿರ ಸುಳಿಯುವುದೇ ಇಲ್ಲ ಎಂದು ಯಾರಾದರೂ ಗ್ಯಾರಂಟಿ ಕೊಟ್ಟರೆ ನಂಬಬೇಡಿ.

ಆ ಫಾರ್ವರ್ಡ್ ಮತ್ತೆ ನಿಮ್ಮ ಗ್ರೂಪಿಗೆ ಬಂದರೆ ಉತ್ತರವಾಗಿ ಇದನ್ನು ಕಳಿಸಬಹುದು:

“ಹುಳ ಬಿದ್ದ ಗಿಡವೆಲ್ಲ ದುರ್ಬಲ ಅಲ್ಲ. ಕೆಲವು ಕೀಟ ಸೊರಗಿದ ಮರಕ್ಕೆ ಬರುತ್ತವೆ, ಇನ್ನು ಕೆಲವು ಅತ್ಯಂತ ಹುಲುಸಾದ ಚಿಗುರಿಗೇ ಬರುತ್ತವೆ. ಗೊಬ್ಬರ, ಟಾನಿಕ್ ಸುರಿಯುವ ಮೊದಲು ಕೀಟ ಯಾವುದೆಂದು ತಿಳಿದುಕೊಳ್ಳಿ. ಬೆಳೆ ಕಳೆದುಕೊಂಡವರನ್ನು ಬೈಯಬೇಡಿ.”